ಬೇರೆ ನುಡಿಯಿಂದ ಬಂದ ದತ್ತು ಮಗುವಿಗೆ ಮನೆಯ ಕನ್ನಡ: ಪೋಷಕರಿಗೊಂದು ಕೈಪಿಡಿ

ನಮ್ಮ ದೇಶದಲ್ಲಿ ಮಕ್ಕಳ ಸಂಸ್ಥೆಗಳಿಂದ ದತ್ತು ತೆಗೆದುಕೊಳ್ಳುವ ಪ್ರಕ್ರಿಯೆ ನಡೆಯುವುದು ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ಎಲ್ಲರೂ ‘ಕಾರಾ’ ಎಂದು ಕರೆಯುವ ಸಂಸ್ಥೆಯ ಮೂಲಕ. ಇಡೀ ದೇಶಕ್ಕೆ ಇರುವುದು ಅದೊಂದೇ ವ್ಯವಸ್ಥೆಯಾದ್ದರಿಂದ ಬೆಂಗಳೂರಿನ ಕನ್ನಡ ದಂಪತಿಯ ಮನೆಗೆ ಒಡಿಶಾದ, ಜಾರ್ಖಂಡದ ಅಥವಾ ಮಹಾರಾಷ್ಟ್ರದ ಮಗು ಬರುವುದು ಆಶ್ಚರ್ಯದ ಸಂಗತಿಯಲ್ಲ. ಕೈಗೂಸಾಗಿದ್ದರೆ ಭಾಷೆಯ ಪ್ರಶ್ನೆಯೇ ಏಳುವುದಿಲ್ಲ. ಆರೇಳು ವರ್ಷ ದಾಟಿದ ಮಗುವಾದರೆ ಮಾತ್ರ, ಅದು ತನ್ನದೇ ಆದ ಒಂದು ನುಡಿಯನ್ನು, ಆ ನುಡಿಯಲ್ಲಿ ಕಟ್ಟಿಕೊಂಡ ನೆನಪುಗಳನ್ನು, ಲೆಕ್ಕವನ್ನು, ಬೈಗುಳವನ್ನು, ಲಾಲಿಯನ್ನು ಜೊತೆಗೇ ಹೊತ್ತು ತಂದಿರುತ್ತದೆ. ಮನೆಯವರು ಕೋಣೆ, ಮಂಚ, ಶಾಲೆಯ ಸೀಟು ಎಲ್ಲವನ್ನೂ ಮೊದಲೇ ಸಿದ್ಧಪಡಿಸಿ, ಭಾಷೆಯ ವಿಷಯಕ್ಕೆ ಬಂದಾಗ “ಮಕ್ಕಳಲ್ವಾ, ಆರು ತಿಂಗಳಲ್ಲಿ ಕಲಿತ್ಬಿಡ್ತಾರೆ” ಎಂದು ಕೈಬಿಡುವುದು ವಾಡಿಕೆ.

ಆ ಮಾತು ಅರ್ಧ ನಿಜ. ಆರು ತಿಂಗಳಲ್ಲಿ ಮಗು ಕನ್ನಡದಲ್ಲಿ ಚಟಪಟ ಮಾತಾಡತೊಡಗುವುದು ನಿಜವೇ. ಆದರೆ ಅದೇ ಅವಧಿಯಲ್ಲಿ ಹಳೆಯ ನುಡಿ ಎಷ್ಟು ವೇಗವಾಗಿ ಕರಗುತ್ತಿದೆ ಎಂಬುದನ್ನು ಯಾರೂ ಗಮನಿಸುವುದಿಲ್ಲ. ಹಳೆಯದು ಕೈಬಿಟ್ಟು ಹೊಸದು ಇನ್ನೂ ಗಟ್ಟಿಯಾಗದ ಆ ನಡುವಿನ ತಿಂಗಳುಗಳಲ್ಲಿ ಮಗುವಿಗೆ ಆಳವಾಗಿ ಯೋಚಿಸಲು, ದುಃಖವನ್ನು ಹೇಳಿಕೊಳ್ಳಲು ಪೂರ್ತಿ ಒದಗುವ ಭಾಷೆ ಒಂದೂ ಇರುವುದಿಲ್ಲ. ಈ ಕೈಪಿಡಿಯಲ್ಲಿ ಹೇಳಿರುವುದೆಲ್ಲ ಮುಖ್ಯವಾಗಿ ಆ ಅಂತರವನ್ನು ದಾಟಿಸುವ ಬಗ್ಗೆ.

ಇದು ಎರಡನೆಯ ಭಾಷೆ ಕಲಿಯುವಂತಲ್ಲ

ನಿಮ್ಮ ಅಪಾರ್ಟ್‌ಮೆಂಟಿನಲ್ಲೇ ಕಟಕ್‌ನಿಂದ ಬಂದ ಎಂಜಿನಿಯರ್ ಒಬ್ಬರ ಮಗಳು ಇರಬಹುದು. ಅವಳು ಮನೆಯೊಳಗೆ ಒಡಿಯಾ ಮಾತಾಡುತ್ತಾಳೆ, ಕೆಳಗೆ ಆಡುವಾಗ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್, ತರಕಾರಿ ಅಂಗಡಿಯಲ್ಲಿ ಕನ್ನಡ. ಅವಳಿಗೆ ಪ್ರತಿಯೊಂದು ಹೊಸ ಭಾಷೆಯೂ ಇದ್ದದ್ದರ ಮೇಲೆ ಸೇರ್ಪಡೆ. ದತ್ತು ಮಗುವಿನ ಸ್ಥಿತಿ ಹಾಗಲ್ಲ. ತನ್ನನ್ನು ಸಾಕಿದ ಮಕ್ಕಳ ಸಂಸ್ಥೆಯ ಬಾಗಿಲು ದಾಟಿದ ದಿನವೇ ಅದರ ಒಡಿಯಾ ಕೇಳುವವರಿಲ್ಲದೆ ನಿಂತುಹೋಗುತ್ತದೆ, ಮತ್ತು ಅದರ ಜಾಗಕ್ಕೆ ಕನ್ನಡ ಬರಬೇಕಾಗುತ್ತದೆ. ಪಕ್ಕದ ಮನೆಯ ಮಗು ಇಷ್ಟು ಬೇಗ ಕಲಿಯಿತು, ನಮ್ಮದೇಕೆ ತೊಳಲಾಡುತ್ತಿದೆ ಎಂಬ ಹೋಲಿಕೆ ಇಲ್ಲಿ ಸಲ್ಲುವುದಿಲ್ಲ.

ಈ ವಿಷಯದಲ್ಲಿ ಹೆಚ್ಚು ಅಧ್ಯಯನ ನಡೆದಿರುವುದು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ದತ್ತು ಹೋದ ಮಕ್ಕಳ ಮೇಲೆ. ಕೊರಿಯಾದಿಂದ 3ರಿಂದ 8 ವರ್ಷದೊಳಗೆ ಫ್ರಾನ್ಸ್‌ಗೆ ದತ್ತು ಹೋಗಿ ಅಲ್ಲೇ ಬೆಳೆದ ವಯಸ್ಕರಿಗೆ ಕೊರಿಯನ್ ವಾಕ್ಯಗಳನ್ನು ಕೇಳಿಸಿ ಮಿದುಳಿನ ಸ್ಕ್ಯಾನ್ ಮಾಡಿದಾಗ, ಅವರ ಮಿದುಳು ಕೊರಿಯನ್ ಕೇಳಿಯೇ ಗೊತ್ತಿಲ್ಲದ ಫ್ರೆಂಚರ ಮಿದುಳಿನಂತೆಯೇ ಪ್ರತಿಕ್ರಿಯಿಸಿತು ಎಂದು ಕ್ರಿಸ್ಟೋಫ್ ಪಾಲಿಯೆ ಮತ್ತು ಸಂಗಡಿಗರು 2003ರಲ್ಲಿ ವರದಿ ಮಾಡಿದರು. ಅಮೆರಿಕದ ಕುಟುಂಬಕ್ಕೆ ದತ್ತು ಬಂದ ಒಂಬತ್ತು ವರ್ಷದ ರಷ್ಯನ್ ಹುಡುಗಿಯೊಬ್ಬಳು ತನ್ನ ರಷ್ಯನ್ ಪದಗಳನ್ನು ಹೇಗೆ ಕಳೆದುಕೊಳ್ಳುತ್ತ ಹೋದಳೆಂಬುದನ್ನು ಲುದ್ಮಿಲಾ ಇಸೂರಿನ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಾಖಲಿಸಿದ್ದಾರೆ. ಒಂಬತ್ತು ವರ್ಷಕ್ಕೆ ಭಾಷೆ ಬೇರೂರಿರುತ್ತದೆ, ಎಲ್ಲಿಗೆ ಹೋದೀತು ಎಂದುಕೊಳ್ಳುವವರು ಇದನ್ನು ನೆನಪಿನಲ್ಲಿಡಬೇಕು. ಹಾಗೆಂದು ಎಲ್ಲವೂ ಅಳಿಸಿಹೋಗುತ್ತದೆ ಎಂದೂ ಅಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಬೆಳೆದ ಕೊರಿಯನ್ ದತ್ತು ಮಕ್ಕಳು ವಯಸ್ಕರಾದ ಮೇಲೆ ಕೊರಿಯನ್ ಉಚ್ಚಾರವನ್ನು ಉಳಿದ ಡಚ್ಚರಿಗಿಂತ ಚೆನ್ನಾಗಿ ಕಲಿತರೆಂದು 2017ರ ಅಧ್ಯಯನವೊಂದು ತೋರಿಸಿದೆ.

ನಮ್ಮ ಮಕ್ಕಳಿಗೆ ಒಂದು ಅನುಕೂಲವಿದೆ. ಕನ್ನಡ, ಹಿಂದಿ, ಮರಾಠಿ, ಒಡಿಯಾ ನಾಲ್ಕರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಒಡಿಯಾ ಮಗು ‘ಮತೆ ಡರ ಲಾಗುಛಿ’ ಎನ್ನುವುದಕ್ಕೂ ನಾವು ‘ನಂಗೆ ಭಯ ಆಗ್ತಿದೆ’ ಎನ್ನುವುದಕ್ಕೂ ಕಟ್ಟೋಣ ಒಂದೇ. ಕಟಕ್‌ನಿಂದ ಬೆಂಗಳೂರಿಗೆ ಬಂದ ಮಗು ಪದಗಳನ್ನು ಬದಲಿಸಿಕೊಂಡರೆ ಬಹಳಷ್ಟು ಕೆಲಸ ಮುಗಿಯುತ್ತದೆ. ಕಟಕ್‌ನಿಂದ ಚಿಕಾಗೋಗೆ ಹೋದ ಮಗು ವಾಕ್ಯವನ್ನೇ ತಲೆಕೆಳಗು ಮಾಡಬೇಕಾಗುತ್ತದೆ.

ಮಗು ಬರುವ ಮೊದಲು

ಮಗುವಿನ ಅಧ್ಯಯನ ವರದಿ ಮತ್ತು ವೈದ್ಯಕೀಯ ವರದಿ ನಿಮ್ಮ ಕೈಸೇರಿದಾಗ, ಈ ಮಗು ನಮಗಿರಲಿ ಎಂದು ಕಾಯ್ದಿರಿಸಲು ನಿಮಗೆ ಸಿಗುವುದು 48 ಗಂಟೆ ಮಾತ್ರ. ಆ ಗಡಿಬಿಡಿಯಲ್ಲಿ ಭಾಷೆಯ ಕಾಲಂನ್ನು ಯಾರೂ ಓದುವುದಿಲ್ಲ. ಕಾಯ್ದಿರಿಸಿದ ಮೇಲೆ ಸಂಸ್ಥೆಯವರೊಡನೆ ಮಾತಾಡುವಾಗ ಮೂರು ಸಂಗತಿಗಳನ್ನು ಬಿಡಿಸಿ ಕೇಳಿರಿ: ಸಂಸ್ಥೆಗೆ ಬರುವ ಮೊದಲು ಮಗು ಯಾವ ನುಡಿ ಆಡುತ್ತಿತ್ತು, ಸಂಸ್ಥೆಯಲ್ಲಿ ಯಾವುದು ಆಡುತ್ತದೆ, ಶಾಲೆಯಲ್ಲಿ ಯಾವುದರಲ್ಲಿ ಓದುತ್ತದೆ. ವರದಿಯಲ್ಲಿ ‘ಹಿಂದಿ’ ಎಂದು ಬರೆದಿರುವ ಜಾರ್ಖಂಡದ ಮಗುವಿನ ಮೊದಲ ನುಡಿ ಸಂತಾಲಿಯೋ ಹೋ ನುಡಿಯೋ ಆಗಿರಬಹುದು. ಹಾಗಿದ್ದರೆ ಆ ಮಗು ಈಗಾಗಲೇ ಒಂದು ನುಡಿಯನ್ನು ಕಳೆದುಕೊಂಡು ಎರಡನೆಯದಕ್ಕೆ ಬಂದಿದೆ, ಕನ್ನಡ ಅದಕ್ಕೆ ಮೂರನೆಯ ನುಡಿ. ಅದರ ಹಿಂದಿ ವಯಸ್ಸಿಗೆ ತಕ್ಕಷ್ಟು ಬೆಳೆದಿಲ್ಲವೆಂದರೆ ಮಗು ಮಂದವೆಂದು ಅರ್ಥವಲ್ಲ.

ಕರೆತರಲು ಹೋದಾಗ, ಸಾಧ್ಯವಾದರೆ, ಒಂದೆರಡು ದಿನ ಹೆಚ್ಚಾಗಿಯೇ ಆ ಊರಿನಲ್ಲಿ ಉಳಿಯಿರಿ. ಮಗುವನ್ನು ನೋಡಿಕೊಂಡ ಆಯಾ ಒಬ್ಬರೊಡನೆ ಕುಳಿತು, ಹಸಿವು, ಬಾಯಾರಿಕೆ, ಶೌಚ, ಹೊಟ್ಟೆನೋವು, ಭಯ, ನಿದ್ದೆ, ಬೇಡ, ಸಾಕು, ಇವುಗಳಿಗೆ ಆ ಮಗು ಬಳಸುವ ಮಾತನ್ನೇ ಕೇಳಿ ಬರೆದುಕೊಳ್ಳಿರಿ. ನಿಘಂಟಿನ ಪದ ಬೇಡ, ಮಗುವಿನ ಬಾಯಿಯ ಪದ ಬೇಕು. ಹೊಟ್ಟೆನೋವಿಗೆ ಸಂಸ್ಥೆಯ ಮಕ್ಕಳು ತಮ್ಮಲ್ಲೇ ಬಳಸುವ ಮಾತೊಂದು ಇರುತ್ತದೆ, ಅದು ಗೊತ್ತಿಲ್ಲದೆ ರಾತ್ರಿ ಎರಡು ಗಂಟೆಗೆ ಗೂಗಲ್ ಅನುವಾದದ ಮೊರೆ ಹೋಗುವುದು ಯಾರಿಗೂ ಬೇಡ. ಒಪ್ಪಿಗೆ ಸಿಕ್ಕರೆ ಆಯಾ ಹಾಡುವ ಹಾಡನ್ನೋ ಹೇಳುವ ಕಥೆಯನ್ನೋ ಅವರ ದನಿಯಲ್ಲೇ ಮೊಬೈಲಿಗೆ ತುಂಬಿಸಿಕೊಳ್ಳಿರಿ. ಹೆಸರನ್ನು ಬದಲಿಸಬೇಡಿರಿ. ಎಲ್ಲ ಪದಗಳೂ ಬದಲಾಗುತ್ತಿರುವ ಹೊತ್ತಿನಲ್ಲಿ ಆ ಒಂದು ಪದವಾದರೂ ಮಗುವಿನ ಜೊತೆ ಉಳಿಯಲಿ.

ಮೊದಲ ವಾರಗಳು

ಮೊದಲ ವಾರಗಳಲ್ಲಿ ಬಹಳ ಮಕ್ಕಳು ಮಾತೇ ಆಡುವುದಿಲ್ಲ. ಕೇಳಿಸಿಕೊಳ್ಳುತ್ತಾರೆ, ಮುಖ ನೋಡುತ್ತಾರೆ, ಮನೆಯವರು ಮಾಡಿದಂತೆ ಮಾಡುತ್ತಾರೆ. ಭಾಷಾಕಲಿಕೆಯ ತಜ್ಞರಿಗೆ ಈ ಮೌನದ ಅವಧಿ ಚೆನ್ನಾಗಿ ಪರಿಚಿತವಾದದ್ದು. ಇದನ್ನು ಮುರಿಯಲು “ಹೇಳು, ಅಮ್ಮ ಅನ್ನು, ಅಜ್ಜಿ ಅನ್ನು” ಎಂದು ಒತ್ತಾಯಿಸುವುದು ವ್ಯರ್ಥ. ಬಂದ ನೆಂಟರೆಲ್ಲರೂ ಮಗುವನ್ನು ನಿಲ್ಲಿಸಿಕೊಂಡು “ಕನ್ನಡ ಬರುತ್ತಾ? ಏನಾದ್ರೂ ಮಾತಾಡು” ಎಂದು ಪರೀಕ್ಷೆ ನಡೆಸುವುದನ್ನು ನೀವೇ ತಡೆಯಬೇಕು, ಅದಕ್ಕಾಗಿ ಒಂದಿಷ್ಟು ನಿಷ್ಠುರವಾದರೂ ಚಿಂತೆಯಿಲ್ಲ. ಮಗುವಿನ ಮೊದಲ ಕನ್ನಡ ಮಾತಿನ ವಿಡಿಯೋ ಕುಟುಂಬದ ವಾಟ್ಸಾಪ್ ಗುಂಪಿಗೂ ಹೋಗಬೇಕಿಲ್ಲ.

ಸಂಸ್ಥೆಯಲ್ಲಿ ಬೆಳೆದ ಮಗುವಿನ ಒಂದು ಅಭ್ಯಾಸವನ್ನು ಮೊದಲೇ ತಿಳಿದಿರುವುದು ಒಳ್ಳೆಯದು: ಅರ್ಥವಾಗಲಿ ಬಿಡಲಿ, ದೊಡ್ಡವರು ಕೇಳಿದ್ದಕ್ಕೆಲ್ಲ ತಲೆಯಾಡಿಸುವುದು. “ಗೊತ್ತಾಯ್ತಾ?” ಎಂದು ಕೇಳಿದರೆ “ಹೂಂ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಪ್ರಶ್ನೆಯನ್ನೇ ಕೈಬಿಟ್ಟು, ಅರ್ಥವಾಗಿದೆಯೇ ಎಂಬುದನ್ನು ಮಗುವಿನ ಕೈಯಿಂದ ತಿಳಿಯಿರಿ. “ಕೆಂಪು ಚೊಂಬು ತಗೊಂಡ್ ಬಾ” ಎಂದಾಗ ಅದು ಏನನ್ನು ತರುತ್ತದೆ ಎಂಬುದು “ಹೂಂ”ಗಿಂತ ನಿಖರವಾದ ಉತ್ತರ. ಇದಕ್ಕೆ ಪ್ರತಿಯಾಗಿ ನೀವು ಬೇಗನೆ ಕಲಿಸಬೇಕಾದ ಕನ್ನಡ ಮಾತುಗಳಲ್ಲಿ ‘ಬೇಡ’ ಎಂಬುದು ಮೊದಲನೆಯದು, ‘ಗೊತ್ತಾಗಲಿಲ್ಲ’ ಎಂಬುದು ಎರಡನೆಯದು. ‘ಬೇಡ’ ಎಂದಾಗ ನಿಜವಾಗಿಯೂ ತಟ್ಟೆಗೆ ಇನ್ನೊಂದು ಸೌಟು ಬೀಳದಿದ್ದರೆ, ಕನ್ನಡದಲ್ಲಿ ಆಡಿದ ಮಾತು ಕೆಲಸ ಮಾಡುತ್ತದೆ ಎಂದು ಮಗುವಿಗೆ ಮನವರಿಕೆಯಾಗುತ್ತದೆ. ನಮ್ಮ ಅಜ್ಜಿಯರಿಗೆ ಇದು ಕಷ್ಟ.

ದಿನಚರಿಯೇ ಪಾಠ

ಪಟ್ಟಿ ಅಂಟಿಸುವುದು, ಚಿತ್ರದ ಕಾರ್ಡು ತೋರಿಸಿ ಹೆಸರು ಹೇಳಿಸುವುದು, ಟ್ಯೂಷನ್ ಇಡುವುದು, ಇವೆಲ್ಲಕ್ಕಿಂತ ಹೆಚ್ಚು ಕನ್ನಡವನ್ನು ಕಲಿಸುವುದು ದಿನಕ್ಕೆರಡು ಬಾರಿ ಒಂದೇ ಕ್ರಮದಲ್ಲಿ, ಒಂದೇ ಮಾತಿನೊಡನೆ ನಡೆಯುವ ಕೆಲಸ. ಸ್ನಾನವನ್ನೇ ತೆಗೆದುಕೊಳ್ಳಿರಿ. “ನೀರು ಬಿಸಿ ಇದೆಯಾ ನೋಡು. ಜಾಸ್ತಿ ಬಿಸಿ ಇದ್ಯಾ? ತಣ್ಣೀರು ಬೆರೆಸ್ಲಾ? ಸಾಕಾ? ಈಗ ತಲೆಗೆ ಹಾಕ್ತೀನಿ, ಕಣ್ಣು ಮುಚ್ಕೋ.” ಬಕೆಟ್ಟಿನಲ್ಲಿ ಕೈಯಾಡಿಸುತ್ತ ಈ ಐದಾರು ವಾಕ್ಯಗಳನ್ನು ಪ್ರತಿದಿನ ಇದೇ ರೀತಿ ಹೇಳಿದರೆ, ಸ್ವಲ್ಪ ದಿನಗಳಲ್ಲೇ “ಕಣ್ಣು” ಎಂದೊಡನೆ ಮಗು ಕಣ್ಣು ಮುಚ್ಚಿರುತ್ತದೆ, ಆಮೇಲೊಂದು ದಿನ ನೀವು ಮರೆತು ಬಿಸಿನೀರು ಸುರಿದಾಗ “ತಣ್ಣೀರು ಬೆರೆಸ್ಲಾ!” ಎಂದು ಕಿರುಚುತ್ತದೆ. ‘ಬೆರೆಸು’ ಎನ್ನಬೇಕಾದಲ್ಲಿ ‘ಬೆರೆಸ್ಲಾ’ ಎಂದಿತು, ಇರಲಿ; ತಾನು ಕೇಳಿದ ರೂಪವನ್ನು ಇಡಿಯಾಗಿ ಎತ್ತಿಕೊಂಡು ಸರಿಯಾದ ಜಾಗದಲ್ಲಿ ಬಳಸಿತು. ಅದನ್ನು ಬಿಡಿಸಿ ಬೇರೆ ಬೇರೆ ರೂಪಗಳನ್ನು ಮಾಡಿಕೊಳ್ಳುವುದು ಮುಂದಿನ ಹಂತ, ಅದಕ್ಕೆ ಯಾರೂ ವ್ಯಾಕರಣ ಹೇಳಿಕೊಡಬೇಕಿಲ್ಲ.

ಅಡುಗೆಮನೆಯೂ ಹಾಗೆಯೇ. ದೋಸೆ ಹುಯ್ಯುವಾಗ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು “ಹಿಟ್ಟು ಹುಯ್ದೆ, ಎಣ್ಣೆ ಬಿಟ್ಟೆ, ಮುಚ್ಚಳ ಮುಚ್ಚಿದೆ, ಈಗ ತಿರುವಿ ಹಾಕ್ತೀನಿ” ಎಂದು ಹೇಳುತ್ತ ಹೋದರೆ ಆದ ಕೆಲಸ, ಆಗುವ ಕೆಲಸ ಎರಡರ ಕ್ರಿಯಾರೂಪಗಳೂ ಕಣ್ಣೆದುರಿನ ಕ್ರಿಯೆಗೇ ಅಂಟಿಕೊಂಡು ಕಿವಿಗೆ ಬೀಳುತ್ತವೆ. ಶಾಲಾಪೂರ್ವ ವಯಸ್ಸಿನಲ್ಲಿ ಅಮೆರಿಕಕ್ಕೆ ದತ್ತು ಬಂದ ಮಕ್ಕಳ ಮೇಲೆ ಜೆಸ್ಸಿ ಸ್ನೆಡೆಕರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ಮಕ್ಕಳೂ ಕೂಸುಗಳಂತೆಯೇ ಮೊದಲು ವಸ್ತುಗಳ ಹೆಸರುಗಳನ್ನು, ಆಮೇಲೆ ಕ್ರಿಯಾಪದಗಳನ್ನು ಮತ್ತು ವ್ಯಾಕರಣದ ಸಣ್ಣ ಪದಗಳನ್ನು ಕಲಿಯುತ್ತಾರೆ, ಆದರೆ ಬಹಳ ಬೇಗ. ಆದ್ದರಿಂದ ಹೆಸರುಗಳ ಬಗ್ಗೆ ಹೆಚ್ಚು ಚಿಂತಿಸಬೇಡಿರಿ, ಅವು ತಾವಾಗಿಯೇ ಬರುತ್ತವೆ. ನಿಮ್ಮ ಶ್ರಮವೆಲ್ಲ ಕ್ರಿಯಾಪದಗಳಿಗೆ ಸಲ್ಲಲಿ. ಫ್ಯಾನು, ಸ್ವಿಚ್ಚು, ಬಾತ್‌ರೂಮು, ಫ್ರಿಡ್ಜು ಎಂಬ ಪದಗಳನ್ನು ಶುದ್ಧೀಕರಿಸುವ ಉತ್ಸಾಹವೂ ಬೇಡ, ‘ಆನ್ ಮಾಡು’, ‘ಆಫ್ ಮಾಡು’ ಎನ್ನುವ ಬದಲು ‘ಹಾಕು’, ‘ಆರಿಸು’ ಎಂದರೆ ಸಾಕು.

ತಪ್ಪನ್ನು ತಿದ್ದುವ ಕ್ರಮವೂ ಮುಖ್ಯ. “ನಾನು ನೀರು ಬೇಕು” ಎಂದಾಗ “ನಾನು ಅಲ್ಲ, ನನಗೆ ಅನ್ಬೇಕು” ಎನ್ನದೆ, “ನಿಂಗೆ ನೀರು ಬೇಕಾ? ತಗೋ” ಎಂದು ಲೋಟ ಕೊಟ್ಟುಬಿಡಿರಿ. ಸರಿಯಾದ ರೂಪ ಮಗುವಿನ ಕಿವಿಗೆ ಬಿತ್ತು, ನೀರೂ ಸಿಕ್ಕಿತು, ಅವಮಾನವಾಗಲಿಲ್ಲ.

ಏಕವಚನದ ಗೊಂದಲ

ಕನ್ನಡ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಮೂರನೆಯ ತಿಂಗಳಲ್ಲಿ ಒಂದು ಪ್ರಸಂಗ ತಪ್ಪದೆ ಬರುತ್ತದೆ. ಮಗು ಅಜ್ಜಿಯ ಮುಂದೆ ನಿಂತು “ಏಯ್ ಅಜ್ಜಿ, ಬಾ, ಕೂತ್ಕೋ, ತಿನ್ನು” ಎನ್ನುತ್ತದೆ. ಅಜ್ಜಿಯನ್ನು ಏಕವಚನದಲ್ಲಿ ಕರೆಯುವ ಮನೆಯಾದರೆ ಎಲ್ಲರೂ ನಗುತ್ತಾರೆ. ಬಹುವಚನದ ಮನೆಯಾದರೆ, ಅದರಲ್ಲೂ ತಾತನಿಗೆ ಹೀಗೆಂದರೆ, ಮನೆಯ ಗಾಳಿಯೇ ಬಿಗಿಯಾಗುತ್ತದೆ. ತಪ್ಪು ಮಗುವಿನದಲ್ಲ. ಇಷ್ಟು ದಿನವೂ ಅದರ ಕಿವಿಗೆ ನೇರವಾಗಿ ಬಿದ್ದದ್ದು “ಬಾ, ಕೂತ್ಕೋ, ತಿನ್ನು” ಎಂಬ ರೂಪಗಳೇ. ‘ಬನ್ನಿ, ಕೂತ್ಕೊಳ್ಳಿ’ ಎಂಬುದನ್ನು ಮಗು ಕೇಳಬೇಕಾದರೆ ಮನೆಯವರು ಪರಸ್ಪರ ಹಾಗೆ ಮಾತಾಡುವುದನ್ನು ನೋಡಬೇಕು. ಆದ್ದರಿಂದ ಊಟಕ್ಕೆ ಕರೆಯುವ ಕೆಲಸವನ್ನು ಮಗುವಿಗೆ ವಹಿಸಿ, ನೀವೂ ಜೊತೆಗೆ ಹೋಗಿ, “ತಾತ, ಊಟಕ್ಕೆ ಬನ್ನಿ” ಎಂದು ನೀವು ಮೊದಲು ಹೇಳಿರಿ, ಮರುದಿನ ಮಗುವಿಗೆ ಬಿಡಿರಿ. ಕೆಲವು ಮನೆಗಳಲ್ಲಿ ಮಗುವಿಗೇ “ಬನ್ನಿ ಪುಟ್ಟ, ಕೂತ್ಕೊಳ್ಳಿ” ಎಂದು ಬಹುವಚನ ಬಳಸುತ್ತಾರೆ. ಸ್ವಲ್ಪ ನಾಟಕೀಯವಾಗಿ ಕಂಡರೂ ಅದು ಕೆಲಸ ಮಾಡುತ್ತದೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ತೊಡಕು ಲಿಂಗದ್ದು. ಒಡಿಯಾದಲ್ಲಿ ಕ್ರಿಯಾಪದಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲದ್ದರಿಂದ ಅಲ್ಲಿಂದ ಬಂದ ಮಗು “ಅಪ್ಪ ಬಂದ್ಲು” ಎನ್ನುವುದು ಸಹಜ. ಹಿಂದಿಯಿಂದ ಬಂದ ಮಗುವಿನ ತೊಡಕು ಬೇರೆ, ಅಲ್ಲಿ ಕುರ್ಚಿಗೂ ಮೇಜಿಗೂ ಲಿಂಗವಿದೆ. ದೊಡ್ಡವರನ್ನೆಲ್ಲ “ಅಪ್ಪ ಬಂದ್ರು, ಅಜ್ಜಿ ಬಂದ್ರು” ಎಂದೇ ಹೇಳುವ ಮನೆಯಲ್ಲಿ ಈ ಎರಡೂ ತೊಡಕುಗಳು ಒಟ್ಟಿಗೇ ಕಡಿಮೆಯಾಗುತ್ತವೆ. ಅಪ್ಪ ಹುಬ್ಬಳ್ಳಿಯವರು, ಅಮ್ಮ ಮೈಸೂರಿನವರು ಎಂಬಂಥ ಮನೆಗಳಲ್ಲಿ ಯಾವ ಕನ್ನಡ ಕಲಿಸಬೇಕೆಂದು ಕೇಳುವವರಿದ್ದಾರೆ. ಇಬ್ಬರೂ ತಂತಮ್ಮ ಕನ್ನಡವನ್ನೇ ಆಡಲಿ. ಮಗುವಿಗಾಗಿ ಪುಸ್ತಕದ ಕನ್ನಡಕ್ಕೆ ಬದಲಾಯಿಸಿಕೊಂಡು “ನಾನು ಹೋಗುತ್ತೇನೆ” ಎನ್ನುವುದು ಮಾತ್ರ ಬೇಡ, ಯಾಕೆಂದರೆ ಆ ಮಾತನ್ನು ಮನೆಯಲ್ಲಿ ಇನ್ಯಾರೂ ಆಡುವುದನ್ನು ಅದು ಕೇಳುವುದಿಲ್ಲ.

ಹಿಂದಿಯ ಸೇತುವೆ, ಇಂಗ್ಲಿಷಿನ ಅವಸರ

ಬೆಂಗಳೂರಿನಲ್ಲಿ ಈ ಕೆಲಸ ಧಾರವಾಡದಲ್ಲೋ ಶಿವಮೊಗ್ಗದಲ್ಲೋ ಇರುವುದಕ್ಕಿಂತ ಕಷ್ಟ. ಸ್ವಲ್ಪ ಹಿಂದಿ ಬಲ್ಲ ಮಗುವಿಗೆ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ, ಲಿಫ್ಟಿನಲ್ಲಿ ಸಿಗುವ ಮಕ್ಕಳು, ಮನೆಗೆ ಸಾಮಾನು ತರುವ ಹುಡುಗ ಎಲ್ಲರೂ ಹಿಂದಿಯಲ್ಲೇ ಸಿಗುತ್ತಾರೆ, ಶಾಲೆ ಇಂಗ್ಲಿಷಿನಲ್ಲಿ ಸಿಗುತ್ತದೆ, ಕನ್ನಡ ಅಜ್ಜಿಯೊಬ್ಬರ ಭಾಷೆಯಾಗಿ ಮೂಲೆ ಸೇರುತ್ತದೆ. ಆದರೂ ಹಿಂದಿಯನ್ನು ನಿಷೇಧಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ನಿಮಗೂ ಮಗುವಿಗೂ ಹಿಂದಿ ಬರುವುದಾದರೆ, ನೋವು, ಭಯ, ವೈದ್ಯರ ಭೇಟಿ, ನಾಳೆ ಏನಾಗಲಿದೆ, ಈ ಮನೆಯಿಂದ ನಿನ್ನನ್ನು ಯಾರೂ ವಾಪಸ್ ಕಳಿಸುವುದಿಲ್ಲ ಎಂಬಂಥ ಮಾತುಗಳನ್ನು ಮೊದಲ ತಿಂಗಳುಗಳಲ್ಲಿ ಹಿಂದಿಯಲ್ಲೇ ಆಡಿರಿ. ಊಟ, ಆಟ, ಸ್ನಾನ, ಮುದ್ದು, ತಮಾಷೆ ಕನ್ನಡದಲ್ಲಿ ನಡೆಯಲಿ. ಕನ್ನಡ ಅರ್ಥವಾಗತೊಡಗಿದಂತೆ ನಾಳೆಯ ಮಾತು ಮೊದಲು ಕನ್ನಡಕ್ಕೆ ಬರಲಿ, ಭಯದ ಮಾತು ಕಟ್ಟಕಡೆಗೆ ಬರಲಿ. ಪೂರ್ತಿ ಹಿಂದಿಯಲ್ಲೇ ನಡೆಸಿದರೆ ಮಾತ್ರ ಅಜ್ಜಿ, ತಾತ, ದೊಡ್ಡಪ್ಪ, ಚಿಕ್ಕಮ್ಮಂದಿರ ನಡುವೆ ಮಗು ಅತಿಥಿಯಾಗಿಯೇ ಉಳಿಯುತ್ತದೆ.

ಇಂಗ್ಲಿಷನ್ನು ಮೊದಲ ವರ್ಷ ಮನೆಯೊಳಗೆ ಬಿಟ್ಟುಕೊಳ್ಳದಿರುವುದು ಒಳ್ಳೆಯದು, ಶಾಲೆಯಲ್ಲಿ ಸಿಗುವಷ್ಟು ಸಾಕು. ಇದಕ್ಕೆ ಇನ್ನೊಂದು ಕಾರಣವಿದೆ: ಗಂಡಹೆಂಡಿರು ಮಗುವಿನ ಎದುರಿನಲ್ಲೇ ಮಗುವಿನ ವಿಷಯ ಮಾತಾಡಲು ಇಂಗ್ಲಿಷಿಗೆ ಜಾರುವುದು. ತನ್ನ ಹೆಸರು ಕೇಳಿಸಿದ ಮೇಲೆ ಮಾತು ತನ್ನ ಬಗ್ಗೆಯೇ ಎಂದು ತಿಳಿಯಲು ಮಗುವಿಗೆ ಇಂಗ್ಲಿಷ್ ಬರಬೇಕಿಲ್ಲ. ದೊಡ್ಡವರು ತಗ್ಗಿದ ದನಿಯಲ್ಲಿ ತನ್ನ ವಿಷಯ ಮಾತಾಡಿಕೊಂಡ ಮೇಲೆಯೇ ಹಿಂದೆಲ್ಲ ತನ್ನ ಜಾಗ ಬದಲಾದದ್ದು ಎಂಬುದು ಅದಕ್ಕೆ ನೆನಪಿರುತ್ತದೆ.

ಮನೆಯ ಹೊರಗಿನ ಕನ್ನಡವನ್ನು ನೀವೇ ಹುಡುಕಿ ಕೊಡಬೇಕಾಗುತ್ತದೆ. ನಮ್ಮ ಮೆಟ್ರೋದಲ್ಲಿ ಕಬ್ಬನ್ ಪಾರ್ಕ್ ಕಡೆಗೆ ಹೋಗುವಾಗ “ಮುಂದಿನ ನಿಲ್ದಾಣ” ಎಂಬ ವಾಕ್ಯ ಪ್ರತಿ ಬಾರಿಯೂ ಅದೇ ಆಗಿದ್ದು ಒಂದು ಹೆಸರಷ್ಟೇ ಬದಲಾಗುವುದರಿಂದ, ಮಗುವಿಗೆ ತಾನಾಗಿ ಅರ್ಥವಾಗುವ ಮೊದಲ ಸಾರ್ವಜನಿಕ ಕನ್ನಡ ಹಲವು ವೇಳೆ ಅದೇ ಆಗಿರುತ್ತದೆ. ಕಬ್ಬನ್ ಪಾರ್ಕಿನ ಬಾಲಭವನ, ಗಾಂಧಿ ಬಜಾರಿನ ಹೂವಿನವರು, ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆ, ಇಲ್ಲೆಲ್ಲ ಕೈಯಲ್ಲಿ ಹತ್ತು ರೂಪಾಯಿ ಕೊಟ್ಟು ಮಗುವನ್ನೇ ಕೇಳಲು ಕಳಿಸಿರಿ. “ಎಷ್ಟು?” “ಒಂದು ಕೊಡಿ” ಇಷ್ಟರಿಂದ ವ್ಯಾಪಾರ ನಡೆಯುತ್ತದೆ. ಎಣಿಸುವುದನ್ನು ಮಗು ಹಳೆಯ ನುಡಿಯಲ್ಲೇ ಎಣಿಸಿಕೊಳ್ಳಲಿ, ಮನಸ್ಸಿನೊಳಗಿನ ಲೆಕ್ಕ ಕೊನೆಗೆ ಬದಲಾಗುವಂಥದ್ದು.

ಅಕ್ಷರ ಮತ್ತು ಶಾಲೆ

ಹಿಂದಿ, ಮರಾಠಿ ಅಥವಾ ಒಡಿಯಾ ಓದಲು ಬಲ್ಲ ಮಗುವಿಗೆ ವರ್ಣಮಾಲೆಯ ಕ್ರಮದಲ್ಲೇ ಕನ್ನಡ ಕಲಿಸಿರಿ. ಕ, ಖ, ಗ, ಘ ಎಂಬ ಸಾಲು ಅದಕ್ಕೆ ಬಾಯಿಪಾಠವಾಗಿರುವುದರಿಂದ ಆಕಾರವನ್ನಷ್ಟೇ ಹೊಸದಾಗಿ ಕಲಿಯಬೇಕು. ತೊಡಕಾಗುವುದು ಆ ಲಿಪಿಗಳಲ್ಲಿ ಬೇರೆಬೇರೆಯಾಗಿ ಬರೆಯದ ಎ ಮತ್ತು ಏ, ಒ ಮತ್ತು ಓಗಳಲ್ಲಿ. ‘ಕೊಡು’ ಮತ್ತು ‘ಕೋಡು’ ಎರಡನ್ನೂ ಒಂದೇ ರೀತಿ ಓದುವುದನ್ನು ಬಹಳ ದಿನ ಸಹಿಸಿಕೊಳ್ಳಬೇಕು. ಹಿಂದಿಯ ಮಗುವಿಗೆ ಳಕಾರವೂ ಹೊಸದು, ಹಳ್ಳಿಯೂ ಹಲ್ಲಿಯೂ ಒಂದೇ. ಮರಾಠಿ, ಒಡಿಯಾ ಮಕ್ಕಳಿಗೆ ಈ ಕಷ್ಟವಿಲ್ಲ. ಯಾವ ಲಿಪಿಯೂ ತಿಳಿಯದ ಮಗುವಾದರೆ ನಮ್ಮ ಸರ್ಕಾರಿ ಶಾಲೆಗಳ ನಲಿಕಲಿಯ ಕ್ರಮ ಚೆನ್ನಾಗಿ ಒದಗುತ್ತದೆ. ಅದು ಆರಂಭವಾಗುವುದೇ ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ. ಅಷ್ಟರಲ್ಲೇ ಸರ, ದರ, ಅರಸ, ಅಗಸ, ಗರಗಸ ಎಂದು ಓದಬಹುದು, ಒತ್ತಕ್ಷರ ಕಾಗುಣಿತದ ಗೋಜಿಲ್ಲದೆ ಮೊದಲ ವಾರದಲ್ಲೇ ಓದಿದ ಸಂತೋಷ ಸಿಗುತ್ತದೆ. ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಒಂದೇ ಚಿತ್ರಕಥೆ ಕನ್ನಡದಲ್ಲೂ ಹಲವು ಭಾರತೀಯ ಭಾಷೆಗಳಲ್ಲೂ ಉಚಿತವಾಗಿ ಸಿಗುತ್ತದೆ. ಮೊದಲು ಮಗು ತನ್ನ ಭಾಷೆಯಲ್ಲಿ ಓದಲಿ, ಆಮೇಲೆ ಅದೇ ಚಿತ್ರಗಳ ಮೇಲೆ ನಿಮ್ಮ ಆಡುಮಾತಿನಲ್ಲಿ ಕಥೆ ಹೇಳಿರಿ, ಮುದ್ರಿತ ವಾಕ್ಯಗಳನ್ನು ಇದ್ದ ಹಾಗೆ ಓದುವುದು ಮೂರನೆಯ ಸುತ್ತಿಗಿರಲಿ.

2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮದಿಂದಾಗಿ ರಾಜ್ಯದ ಶಾಲೆಗಳಲ್ಲಿ, ಕೇಂದ್ರ ಪಠ್ಯಕ್ರಮದ ಶಾಲೆಗಳೂ ಸೇರಿದಂತೆ, ಕನ್ನಡ ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಶಾಲೆ ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆನ್ನುತ್ತದೆ. ಶಾಲೆಯವರೊಡನೆ ಮಾತಾಡುವಾಗ ಇವೆರಡೂ ಕೈಯಲ್ಲಿರಲಿ. ಅದಕ್ಕಿಂತ ಮುಖ್ಯವಾಗಿ ಶಿಕ್ಷಕರಿಗೆ ತಿಳಿಸಬೇಕಾದದ್ದು ಆಟದ ಬಯಲಿನ ಮಾತಿಗೂ ಪಾಠದ ಮಾತಿಗೂ ಇರುವ ಅಂತರವನ್ನು. ಕೆನಡಾದ ಜಿಮ್ ಕಮಿನ್ಸ್ ದಶಕಗಳ ಹಿಂದೆಯೇ ತೋರಿಸಿರುವಂತೆ, ಹೊಸ ಭಾಷೆಯಲ್ಲಿ ಸರಾಗವಾಗಿ ಮಾತಾಡಲು ಮಗುವಿಗೆ ಎರಡು ವರ್ಷದೊಳಗೆ ಸಾಧ್ಯವಾದರೂ, ಪಾಠದ ಭಾಷೆಯಲ್ಲಿ ಓರಗೆಯವರ ಸಮಕ್ಕೆ ಬರಲು ಐದರಿಂದ ಏಳು ವರ್ಷ ಬೇಕಾಗಬಹುದು. ಅದು ಮೊದಲ ಭಾಷೆಯನ್ನು ಉಳಿಸಿಕೊಂಡ ವಲಸೆ ಮಕ್ಕಳ ಲೆಕ್ಕ. ನಿಮ್ಮ ಮಗುವಿಗೆ ಆ ಆಸರೆಯೂ ಇಲ್ಲ. ಒಂದು ವರ್ಷದ ಮೇಲೆ “ಮಾತೆಲ್ಲ ಚೆನ್ನಾಗಿ ಆಡ್ತಾನೆ, ಓದೋದ್ರಲ್ಲಿ ಮಾತ್ರ ಸೋಮಾರಿ” ಎಂಬ ಮಾತು ಶಾಲೆಯಿಂದ ಬಂದಾಗ ನೀವೂ ಅದನ್ನು ನಂಬಿಬಿಡಬೇಡಿರಿ. ಮೂರನೆಯ ಭಾಷೆಯನ್ನು ಆದಷ್ಟು ಮುಂದೂಡಲು ಕೇಳಿಕೊಳ್ಳಿರಿ.

ಹಳೆಯ ನುಡಿಯನ್ನು ಏನು ಮಾಡುವುದು

ಉಳಿಸಲು ಪ್ರಯತ್ನಿಸಿರಿ, ಉಳಿಯದಿದ್ದರೆ ಎದೆಗುಂದಬೇಡಿರಿ. ಮಗುವಿಗೆ ಆ ನುಡಿ ಚೆನ್ನಾಗಿ ನೆನಪಿರುವ ಮೊದಲ ತಿಂಗಳುಗಳಲ್ಲೇ, ಆ ನುಡಿ ಬಲ್ಲ ನಂಬಿಕಸ್ಥರೊಬ್ಬರನ್ನು ಮನೆಗೆ ಕರೆದು ಮಗು ಹೇಳುವುದನ್ನು ಹೇಳಿದಂತೆಯೇ ಬರೆದಿಡಿರಿ: ಊರಿನ ಹೆಸರು, ಗೆಳೆಯರ ಹೆಸರು, ನಾಯಿಯ ಹೆಸರು, ಮೊದಲ ಮನೆಯ ನೆನಪು. ಆಮೇಲೆ ಕೇಳಿದರೆ ಅದು ಅರ್ಧಂಬರ್ಧ ಕನ್ನಡದಲ್ಲಿ ಸಿಗುತ್ತದೆ, ಅಥವಾ ಸಿಗುವುದೇ ಇಲ್ಲ. ಬೆಂಗಳೂರಿನಲ್ಲಿ ಇದಕ್ಕೆ ಜನ ಸಿಗುವುದು ಕಷ್ಟವಲ್ಲ. ಅಗರದ ಜಗನ್ನಾಥ ದೇವಸ್ಥಾನಕ್ಕೆ ಭಾನುವಾರ ಹೋದರೆ ಸುತ್ತಲೂ ಒಡಿಯಾ ಕೇಳಿಸುತ್ತದೆ.

ಆದರೆ ಕರೆದೊಯ್ಯುವ ಮೊದಲು ಒಂದು ಎಚ್ಚರ. ಕೆಲವು ಮಕ್ಕಳು ಹಳೆಯ ನುಡಿ ಕಿವಿಗೆ ಬಿದ್ದೊಡನೆ ಮಂಕಾಗುತ್ತಾರೆ, ಅಮ್ಮನ ಸೆರಗಿನ ಹಿಂದೆ ಅಡಗುತ್ತಾರೆ, ಅರ್ಥವಾಗಲಿಲ್ಲವೆನ್ನುತ್ತಾರೆ. ತನ್ನನ್ನು ವಾಪಸ್ ಕರೆದೊಯ್ಯಲು ಯಾರೋ ಬಂದಿದ್ದಾರೆ ಎಂಬ ಹೆದರಿಕೆ ಅದರ ಹಿಂದೆ ಇರಬಹುದು. ಎಲ್ಲಿಗೆ ಹೋಗುತ್ತೇವೆ, ಯಾರು ಸಿಗುತ್ತಾರೆ, ಎಷ್ಟು ಹೊತ್ತಿಗೆ ಮನೆಗೆ ವಾಪಸ್ ಬರುತ್ತೇವೆ, ರಾತ್ರಿ ಊಟಕ್ಕೇನು ಮಾಡುತ್ತೇವೆ ಎಂಬುದನ್ನೆಲ್ಲ ಮೊದಲೇ ಹೇಳಿರಿ, ಒಲ್ಲೆನೆಂದರೆ ಬಿಟ್ಟುಬಿಡಿರಿ.

ತಜ್ಞರ ಬಳಿಗೆ ಯಾವಾಗ

ಮಗು ಬಂದ ಮೊದಲ ತಿಂಗಳಲ್ಲೇ ಕಿವಿಯ ಪರೀಕ್ಷೆ ಮಾಡಿಸಿರಿ. ಸಂಸ್ಥೆಗಳಲ್ಲಿ ಬೆಳೆದ ಮಕ್ಕಳಲ್ಲಿ ಚಿಕಿತ್ಸೆಯಾಗದ ಕಿವಿಸೋರಿಕೆ ಇರುವುದುಂಟು, ಅರೆಬರೆ ಕೇಳಿಸುವ ಮಗು ಹೊಸ ಭಾಷೆಯಲ್ಲಿ ಹಿಂದೆ ಬಿದ್ದರೆ ದೋಷ ಭಾಷೆಯದೆಂದು ತಪ್ಪಾಗಿ ತಿಳಿಯುವ ಸಂಭವವಿದೆ. ಮಾತು ಅಥವಾ ಬುದ್ಧಿಯ ಬೆಳವಣಿಗೆಯ ಬಗ್ಗೆ ಸಂದೇಹವಿದ್ದರೆ ಮೌಲ್ಯಮಾಪನವನ್ನು ಮುಂದೂಡಬಾರದು. “ಮೊದಲು ಕನ್ನಡ ಬರಲಿ, ಆಮೇಲೆ ನೋಡೋಣ” ಎಂದು ಕಾಯ್ದರೆ, ಹಳೆಯ ಭಾಷೆಯಲ್ಲಿ ಪರೀಕ್ಷಿಸುವ ಅವಕಾಶ ತಪ್ಪಿಹೋಗಿ, ಹೊಸ ಭಾಷೆಯಲ್ಲಿ ಪರೀಕ್ಷಿಸಿದರೆ ನಿಜಸ್ಥಿತಿ ತಿಳಿಯದ ಘಟ್ಟ ಬಂದುಬಿಡುತ್ತದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೂ ವಾಕ್ ಮತ್ತು ಶ್ರವಣ ವಿಭಾಗವೂ ಇವೆ, ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಹೋಗುವಾಗ ಮಗುವಿನ ಭಾಷೆ ಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ.

ಮೂರನೆಯ ತಿಂಗಳಿಂದ ಎಂಟನೆಯ ತಿಂಗಳವರೆಗೆ ಸಿಟ್ಟು, ರಂಪ, ಸಣ್ಣದಕ್ಕೂ ವಸ್ತು ಎಸೆಯುವುದು ಹೆಚ್ಚಾದರೆ, ಮೊದಲೇ ಹೇಳಿದ ಆ ನಡುವಿನ ಅವಧಿಯಲ್ಲಿ ಹೇಳಲು ಮಾತು ಸಿಗದೆ ಹಾಗಾಗುತ್ತಿರುವ ಸಾಧ್ಯತೆಯನ್ನು ಮೊದಲು ಪರಿಗಣಿಸಿರಿ. ಆ ಹೊತ್ತಿನಲ್ಲಿ “ಏನಾಯ್ತು ಹೇಳು” ಎಂಬ ಒತ್ತಾಯಕ್ಕಿಂತ, ಆಗಿರಬಹುದಾದದ್ದನ್ನು ನೀವೇ ಸಣ್ಣ ವಾಕ್ಯಗಳಲ್ಲಿ ಹೇಳುವುದು ಉಪಯೋಗಕ್ಕೆ ಬರುತ್ತದೆ: “ಅಣ್ಣ ಸೈಕಲ್ ಕಿತ್ಕೊಂಡ. ನಿಂಗೆ ಸಿಟ್ಟು ಬಂತು.” ಆರು ತಿಂಗಳಾದರೂ ದಿನಚರಿಯ ಸರಳ ಮಾತುಗಳು ಅರ್ಥವಾಗದಿದ್ದರೆ, ಅಥವಾ ಬಂದಿದ್ದ ಕನ್ನಡವೂ ಹಿಂದೆ ಸರಿಯುತ್ತಿದ್ದರೆ ಕಾಯಬೇಡಿರಿ. ದತ್ತು ನಿಯಮಗಳ ಪ್ರಕಾರ ಎರಡು ವರ್ಷಗಳವರೆಗೆ ಆರು ತಿಂಗಳಿಗೊಮ್ಮೆ ಅನುಸರಣಾ ವರದಿಯಾಗಬೇಕು. ಅದಕ್ಕಾಗಿ ಬರುವ ಸಮಾಜ ಕಾರ್ಯಕರ್ತರಿಗೆ ಎಲ್ಲವೂ ಚೆನ್ನಾಗಿದೆ ಎಂದು ಕಾಫಿ ಕೊಟ್ಟು ಕಳಿಸುವ ಬದಲು, ಮಗು ಯಾವ ಭಾಷೆಯಲ್ಲಿ ಏನನ್ನು ಹೇಳಬಲ್ಲದು, ಏನನ್ನು ಹೇಳಲಾಗುತ್ತಿಲ್ಲ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟು, ವರದಿಯಲ್ಲಿ ಸೇರಿಸಲು ಕೇಳಿರಿ.